ಆನೆದುಡ್ಡಿನ ಬೆಲೆ ಎಷ್ಟು?



ಕಳೆದ ಕಾರ್ತಿಕ ಮಾಸದಲ್ಲಿ ಒಂದು ಬೆಳಿಗ್ಗೆ ನನಗೆ ಒಂದು ದೂರವಾಣಿ ಕರೆ ಬಂದಿತು. ಕೃಷ್ಣರಾಜಪೇಟೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಅಂದರೆ 1985ರಲ್ಲಿ, ಒಂಬತ್ತನೆಯ ತರಗತಿಯಲ್ಲಿದ್ದ ಹುಡುಗ. ಈಗ ಅವನಿಗೂ ಐವತ್ತು ದಾಟಿದೆ. ಕುಶಲ ವಿಚಾರಿಸಿದ ಮೇಲೆ ತುಸು ತಡವರಿಸುತ್ತಾ ವಿಷಯಕ್ಕೆ ಬಂದನು.

"ಸಾರ್, ನಮ್ಮನೇಲಿ ಒಂದು ಆನೆದುಡ್ಡು ಇತ್ತಲ್ಲ, ನೀವು ಕ್ಲಾಸಲ್ಲಿ ತಿಕ್ಕಿ ತೋರ್ಸಿದ್ರಲ್ಲ, ಅದು ಈಗ ಆರು ಲಕ್ಷಕ್ಕೆ ಹೋಗ್ತದಂತೆ. ನೀವು ಒಂದು ಮಾತು ಹೂಂ ಅಂದ್ರೆ ಕೊಟ್ಬುಡ್ತೀನಿ."

ವಿಚಾರಿಸಿದಾಗ ತಿಳಿದದ್ದು ಇಷ್ಟು. ಮೊಬೈಲಿನಲ್ಲಿ ಬಂದ ಜಾಹೀರಾತನ್ನು ನೋಡಿ ಅವನು ನಾಣ್ಯದ ಚಿತ್ರವನ್ನು ಯಾರಿಗೋ ಕಳುಹಿಸಿದ್ದಾನೆ. ಅತ್ತ ಕಡೆಯವರು ಆರು ಲಕ್ಷ ರೂಪಾಯಿ ಕೊಡುವುದಾಗಿ ಹೇಳಿ, ಮೊದಲು ನೋಂದಣಿ ಶುಲ್ಕವೆಂದು 2,500 ರೂಪಾಯಿ ಕಟ್ಟಿಸಿಕೊಂಡಿದ್ದಾರೆ. ಈಗ ತೆರಿಗೆಯ ಬಾಬ್ತು ಇನ್ನೂ 18,000 ರೂಪಾಯಿ ಕಟ್ಟಬೇಕಂತೆ. ರಿಸರ್ವ್ ಬ್ಯಾಂಕಿನ ಮುದ್ರೆಯಿರುವ ಕಾಗದವೊಂದನ್ನೂ ಕಳುಹಿಸಿದ್ದಾರೆ. ಮಗಳ ಕಾಲೇಜಿನ ಫೀಸಿಗೆ ಆಗುತ್ತದೆಂದು ಅವನು ಹೆಂಡತಿಯ ಓಲೆಯನ್ನು ಒತ್ತೆಯಿಡಲು ಹೊರಟಿದ್ದನು.

"ಒಂದು ಕಾಸನ್ನೂ ಕಟ್ಟಬೇಡ, ನಾಣ್ಯವನ್ನು ತೆಗೆದುಕೊಂಡು ನಾಳೆಯೇ ಶ್ರೀರಂಗಪಟ್ಟಣಕ್ಕೆ ಬಾ" ಎಂದೆ. ರಿಸರ್ವ್ ಬ್ಯಾಂಕು ಹಳೆಯ ನಾಣ್ಯ ಅಥವಾ ನೋಟುಗಳ ಇಂಥ ವ್ಯಾಪಾರಕ್ಕೆ ಕೈಹಾಕುವುದಿಲ್ಲ, ಅದಕ್ಕಾಗಿ ಶುಲ್ಕವನ್ನಾಗಲಿ ಕಮಿಷನ್ನನ್ನಾಗಲಿ ಕೇಳುವುದಿಲ್ಲ, ತನ್ನ ಹೆಸರಿನಲ್ಲಿ ಹಣ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು 2021ರ ಆಗಸ್ಟ್ ತಿಂಗಳಲ್ಲಿಯೇ ಪ್ರಕಟಣೆ ಹೊರಡಿಸಿದೆ. ಕೊಳ್ಳುವವನು ಹಣ ಕೊಡಬೇಕೇ ಹೊರತು ಮಾರುವವನಿಂದ ಕೇಳಬಾರದು. ಇಷ್ಟು ಸರಳವಾದ ಲೆಕ್ಕವನ್ನೂ ಆಸೆ ಮರೆಸಿಬಿಡುತ್ತದೆ.

ಮರುದಿನ ಅವನು ಬಂದನು. ಬಟ್ಟೆಯ ಗಂಟನ್ನು ಬಿಚ್ಚಿ ನಾಣ್ಯವನ್ನು ನನ್ನ ಅಂಗೈಯಲ್ಲಿಟ್ಟನು. ನಲವತ್ತು ವರ್ಷಗಳ ಬಳಿಕ ಅದನ್ನು ಮತ್ತೆ ನೋಡಿದೆ. ನೋಡಿ ನನಗೆ ಸಂತೋಷವಾಗಲಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಈ ದುಡ್ಡಿನ ಚರಿತ್ರೆಯನ್ನು ನಿಮ್ಮ ಮುಂದಿಡಬೇಕು.

ನಾವು ದಿನನಿತ್ಯ ಆಡುವ ಹಣ, ಕಾಸು, ದುಡ್ಡು ಎಂಬ ಮಾತುಗಳು ಒಂದು ಕಾಲಕ್ಕೆ ಬೇರೆಬೇರೆ ನಾಣ್ಯಗಳ ಹೆಸರುಗಳಾಗಿದ್ದವು. 'ಹಣ' ಎಂಬುದು ತೊಗರಿಕಾಳಿನಷ್ಟಗಲದ ಚಿನ್ನದ ನಾಣ್ಯ. ಶ್ರೀರಂಗಪಟ್ಟಣದಿಂದ ಆಳಿದ ಕಂಠೀರವ ನರಸರಾಜ ಒಡೆಯರು (1638–1659) ನರಸಿಂಹನ ರೂಪವನ್ನು ಮುದ್ರಿಸಿ ಹೊರಡಿಸಿದ ಹಣಕ್ಕೆ ಕಂಠೀರಾಯ ಹಣವೆಂದೇ ಹೆಸರಾಯಿತು. ಅಂಥ ಹತ್ತು ಹಣಗಳು ಸೇರಿದರೆ ಲೆಕ್ಕದಲ್ಲಿ ಒಂದು ಕಂಠೀರಾಯ ವರಹ. 'ಕಾಸು' ಮತ್ತು 'ದುಡ್ಡು' ತಾಮ್ರದವು. ಇಂಗ್ಲಿಷರು ನಮ್ಮ ದಕ್ಷಿಣದ ಕಾಸನ್ನೇ 'ಕ್ಯಾಶ್' ಎಂದು ಕರೆದು ತಮ್ಮ ನಾಣ್ಯಗಳ ಮೇಲೂ ಬರೆಸಿದರು. ಚಿನ್ನದ ನಾಣ್ಯ ಅರಮನೆಯಲ್ಲಿ, ಸಾಹುಕಾರರ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಸಂತೆಯಲ್ಲಿ ಉಪ್ಪು, ಮೆಣಸಿನಕಾಯಿ ಕೊಳ್ಳುವವನ ಸೊಂಟದಲ್ಲಿ ಇರುತ್ತಿದ್ದದ್ದು ತಾಮ್ರದ ದುಡ್ಡೇ.

ಮೈಸೂರು ಸೀಮೆಯ ತಾಮ್ರದ ನಾಣ್ಯಕ್ಕೆ ಆನೆ ಬಂದದ್ದು ಹೈದರಾಲಿಯಿಂದಲ್ಲ. ಅದಕ್ಕೆ ಹಿಂದಿನ ಒಡೆಯರ ಕಾಲದ ಪುಟ್ಟ ಕಾಸುಗಳಲ್ಲಿಯೇ ಒಂದು ಕಡೆ ಆನೆ, ಇನ್ನೊಂದು ಕಡೆ ಚೌಕುಳಿಯಂತೆ ಅಡ್ಡಡ್ಡ ಗೆರೆಗಳು ಕಾಣುತ್ತವೆ. 1761ರಲ್ಲಿ ಅಧಿಕಾರವನ್ನು ಕೈಗೆ ತೆಗೆದುಕೊಂಡ ಹೈದರನು ಪರಿಚಿತ ಗುರುತುಗಳನ್ನು ಅಳಿಸಲು ಹೋಗಲಿಲ್ಲ. ಚಿನ್ನದ ವರಹದಲ್ಲಿ ಇಕ್ಕೇರಿಯ ಮಾದರಿಯ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು ಹಿಂಬದಿಗೆ ತನ್ನ ಹೆಸರಿನ ಮೊದಲಕ್ಷರವನ್ನು ಮಾತ್ರ ಹಾಕಿಸಿದನು. ತನ್ನ ಕೊನೆಯ ವರ್ಷಗಳಲ್ಲಿ, ಹಿಜರಿ 1195ರ ಸುಮಾರಿಗೆ, ಅಂದರೆ 1781ರ ಹೊತ್ತಿಗೆ, ದಪ್ಪನೆಯ ಆನೆಯ ಪೈಸೆಯನ್ನು ಹೊರಡಿಸಿದನು. ಅಕ್ಷರ ಬಾರದ ರೈತನೂ ಆನೆಯನ್ನು ಗುರುತಿಸಬಲ್ಲನಷ್ಟೆ.

1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡ ಮೇಲೆ ಟಿಪ್ಪು ಸುಲ್ತಾನನು ಆನೆಯನ್ನು ಮುಂದುವರಿಸಿದನು. ಆದರೆ ಉಳಿದದ್ದರಲ್ಲಿ ಬಹಳ ಬದಲಾವಣೆಗಳನ್ನು ಮಾಡಿದನು. 1787ರ ಸುಮಾರಿಗೆ ಹಿಜರಿ ಶಕೆಯನ್ನು ಬಿಟ್ಟು ಮೌಲೂದಿ ಎಂಬ ಹೊಸ ಎಣಿಕೆಯನ್ನು ತಂದನು. ಅದರ ಮೊದಲ ವರ್ಷ ನಾಣ್ಯಗಳಲ್ಲಿ 1215 ಎಂದು ಬರುತ್ತದೆ. ಇಲ್ಲೊಂದು ತಮಾಷೆಯಿದೆ. ಈ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದಿರುತ್ತಾರೆ. 1218 ಎಂಬುದು ನಮ್ಮ ಕಣ್ಣಿಗೆ 8121 ಎಂದು ಕಾಣುತ್ತದೆ. ಗೊತ್ತಿಲ್ಲದವರು ಎಂಟು ಸಾವಿರ ವರ್ಷದ ನಾಣ್ಯವೆಂದು ಬೆರಗಾಗುವುದುಂಟು!

ನಾಣ್ಯಗಳಿಗೆ ಆಕಾಶದಿಂದ ಹೆಸರುಗಳನ್ನು ತಂದದ್ದೂ ಅವನೇ. ಒಂದು ಪೈಸೆಗೆ ಜೊಹರಾ, ಅಂದರೆ ಶುಕ್ರ. ಅರ್ಧ ಪೈಸೆಗೆ ಬಹ್ರಾಮ್, ಅಂದರೆ ಮಂಗಳ. ಕಾಲು ಪೈಸೆಗೆ ಅಖ್ತರ್, ಅಂದರೆ ನಕ್ಷತ್ರ. ಅರೆಕಾಲು ಪೈಸೆಗೆ ಕುತುಬ್, ಅಂದರೆ ಧ್ರುವ. ಎರಡು ಪೈಸೆಯ ದೊಡ್ಡ ನಾಣ್ಯಕ್ಕೆ ಮೊದಲು ಉಸ್ಮಾನಿ ಎಂದಿದ್ದು ಆಮೇಲೆ ಮುಷ್ತರಿ, ಅಂದರೆ ಗುರು ಎಂದಾಯಿತು. ಜೊಹರಾ ಪೈಸೆಯ ತೂಕ ಸುಮಾರು ಹನ್ನೊಂದೂವರೆ ಗ್ರಾಂ, ಹೆಚ್ಚುಕಡಿಮೆ ನಮ್ಮ ಹಳೆಯ ಒಂದು ತೊಲ. ಆಳ್ವಿಕೆಯ ಕೊನೆಯ ವರ್ಷಗಳ ಪೈಸೆಗಳಲ್ಲಿ ಆನೆಯ ಬೆನ್ನಿನ ಮೇಲ್ಗಡೆ ಅಲಿಫ್, ಬೇ, ತೇ ಎಂದು ವರ್ಷಕ್ಕೊಂದರಂತೆ ಅಕ್ಷರಗಳನ್ನೂ ಇಟ್ಟರು. ಇಷ್ಟೆಲ್ಲ ಮಾಡಿಸಿದವನು ನಾಣ್ಯಗಳ ಮೇಲೆ ತನ್ನ ಹೆಸರನ್ನು ಹಾಕಿಸಲಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ಈ ನಾಣ್ಯಗಳನ್ನು ಹೊಡೆದ ಟಂಕಸಾಲೆಗಳು ಹಲವು. ಬೆಂಗಳೂರು, ನಗರ, ಚಿತ್ರದುರ್ಗ, ಗುತ್ತಿ, ಧಾರವಾಡ, ದಿಂಡಿಗಲ್, ಕೋಳಿಕ್ಕೋಡಿನ ಬಳಿಯ ಫರೂಕ್ ಮುಂತಾದ ಕಡೆಗಳಲ್ಲಿ ಟಂಕಸಾಲೆಗಳಿದ್ದವು. ಅನೇಕ ಊರುಗಳಿಗೆ ಸುಲ್ತಾನನು ಹೊಸ ಹೆಸರುಗಳನ್ನಿಟ್ಟು ಅವನ್ನೇ ನಾಣ್ಯಗಳ ಮೇಲೆ ಬರೆಸಿದನು. ಚಿತ್ರದುರ್ಗ ಫರ್ರುಖ್‌ಯಾಬ್ ಹಿಸಾರ್ ಆಯಿತು. ಧಾರವಾಡ ಖುರ್ಷೀದ್ ಸವಾದ್ ಆಯಿತು. ರಾಜಧಾನಿ ಮಾತ್ರ 'ಪಟನ್' ಆಗಿಯೇ ಉಳಿಯಿತು. ನಮ್ಮ ಜನ ಇಂದಿಗೂ ಶ್ರೀರಂಗಪಟ್ಟಣವನ್ನು 'ಪಟ್ಣ' ಎನ್ನುತ್ತಾರಲ್ಲವೇ, ಅದೇ ಮಾತು.

ಕೆಲಸದ ವಿಧಾನವೂ ಸರಳ. ಅಳತೆಗೆ ಕತ್ತರಿಸಿದ ತಾಮ್ರದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುವುದು. ಅಚ್ಚು ಬಿಲ್ಲೆಗಿಂತ ದೊಡ್ಡದಾಗಿದ್ದರೆ, ಅಥವಾ ಹೊಡೆತ ಓರೆಯಾದರೆ, ಅರ್ಧ ಬರಹ ಅಂಚಿನಿಂದ ಆಚೆಗೆ ಹೋಗುತ್ತಿತ್ತು. ಆದ್ದರಿಂದ ಒಂದರಂತೆ ಇನ್ನೊಂದಿಲ್ಲ.

1799ರ ಮೇ 4ರಂದು ಪಟ್ಟಣ ಬಿದ್ದಿತು. ಟಿಪ್ಪುವಿನ ಕಾಲದಲ್ಲಿ ದ್ವೀಪದ ಮೇಲೆ ಸುಮಾರು ಒಂದೂವರೆ ಲಕ್ಷ ಜನರಿದ್ದರೆಂದೂ 1800ರಲ್ಲಿ ಸುಮಾರು 32 ಸಾವಿರ ಮಾತ್ರ ಉಳಿದಿದ್ದರೆಂದೂ ಬುಕನನ್ ಅಂದಾಜು ಮಾಡಿದ್ದಾನೆ. ರಾಜಧಾನಿ ಮೈಸೂರಿಗೆ ಹೋಯಿತು, ಟಂಕಸಾಲೆಯೂ ಹೋಯಿತು. ಆದರೆ ಆನೆ ಹೋಗಲಿಲ್ಲ! ದಿವಾನ್ ಪೂರ್ಣಯ್ಯನವರು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ ಆಡಳಿತ ನಡೆಸುತ್ತಿದ್ದಾಗ ಹೊರಟ ತಾಮ್ರದ ನಾಣ್ಯಗಳಲ್ಲಿ ಅದೇ ಆನೆ ನಿಂತಿದೆ. ಮೇಲೆ ಸೂರ್ಯಚಂದ್ರರ ನಡುವೆ 'ಶ್ರೀ' ಎಂಬ ಅಕ್ಷರ ಬಂದಿದೆ, ಅಷ್ಟೆ. ಮುಂದೆ 'ಶ್ರೀ ಚಾಮುಂಡಿ' ಎಂಬ ಬರಹ ಬಂತು, ಆನೆಯ ಜಾಗದಲ್ಲಿ ಸಿಂಹ ಬಂತು, ಹಿಂಬದಿಯಲ್ಲಿ 'ಮಯಿಲಿ ಕಾಸು' ಎಂದು ಕನ್ನಡದಲ್ಲಿಯೂ ಬೆಲೆಯು ಇಂಗ್ಲಿಷಿನಲ್ಲಿಯೂ ಬಂದವು, ಫಾರಸಿ ಬರಹವೂ ಉಳಿಯಿತು. 1831ರಲ್ಲಿ ಆಡಳಿತ ಕಂಪನಿಯವರ ಕೈಗೆ ಹೋದ ಮೇಲೆ ಟಂಕಸಾಲೆಯನ್ನು 1833ರಲ್ಲಿ ಬೆಂಗಳೂರಿಗೆ ಸಾಗಿಸಿ 1843ರಲ್ಲಿ ಮುಚ್ಚಿಬಿಟ್ಟರು. ಅಲ್ಲಿಗೆ ಮೈಸೂರಿನ ಸ್ವಂತ ದುಡ್ಡಿನ ಕಥೆ ಮುಗಿಯಿತು. ಆಮೇಲಿನದು ಕಾಲಾಣೆ, ತೂತಿನ ಕಾಸು, ನಯಾಪೈಸೆಗಳ ಕಥೆ. ಅದನ್ನು ನಿಮ್ಮಲ್ಲಿ ಹಲವರ ಅಜ್ಜಿಯರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಇನ್ನು ನನ್ನ ವಿದ್ಯಾರ್ಥಿಯ ನಾಣ್ಯಕ್ಕೆ ಬರೋಣ.

ಅವನ ತಾತನಿಗೆ ಹೊಲ ಉಳುವಾಗ ಅದು ಸಿಕ್ಕಿತ್ತಂತೆ. "ಮರಾಠರ ಗಲಾಟೇಲಿ ಬಿದ್ದದ್ದು" ಎಂದು ತಾತ ಹೇಳುತ್ತಿದ್ದರಂತೆ. ಆ ಮಾತನ್ನು ಅವನು 1985ರಲ್ಲೂ ತರಗತಿಯಲ್ಲಿ ಹೇಳಿದ್ದನು. ಆಗ ನಾನು ಉತ್ಸಾಹದ ಯುವಕ. ಬಿ.ಎಡ್. ಮುಗಿಸಿ ಎರಡು ಮೂರು ವರ್ಷವಾಗಿತ್ತು. ವಸ್ತುಗಳನ್ನು ತೋರಿಸಿ ಪಾಠ ಮಾಡಬೇಕೆಂದು ಕಲಿತಿದ್ದೆ. ಹುಡುಗ ತಂದ ನಾಣ್ಯ ಕಪ್ಪಾಗಿ, ಅಲ್ಲಲ್ಲಿ ಹಸಿರಾಗಿ ಇತ್ತು. ಹಿಂದಿನ ಸಾಲಿನವರಿಗೂ ಆನೆ ಕಾಣಲೆಂದು ಬಿಸಿಯೂಟವಿಲ್ಲದ ಆ ಕಾಲದಲ್ಲಿ ಪಕ್ಕದ ಮನೆಯಿಂದ ಹುಣಸೆಹಣ್ಣು, ಒಲೆಯ ಬೂದಿ ತರಿಸಿ ತರಗತಿಯಲ್ಲಿಯೇ ಚೆನ್ನಾಗಿ ತಿಕ್ಕಿದೆ. ಪೂಜೆಯ ತಂಬಿಗೆಯಂತೆ ಥಳಥಳ ಹೊಳೆಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ಬೀಗಿದೆ.

ಮಾಡಿದ್ದೇನೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ನೆಲದಲ್ಲಿ ಇನ್ನೂರು ವರ್ಷ ಮಲಗಿದ ತಾಮ್ರದ ಮೇಲ್ಪದರವು ನಿಧಾನವಾಗಿ ಬದಲಾಗಿ ಒಂದು ತೆಳುವಾದ ಹೊದಿಕೆಯಾಗಿರುತ್ತದೆ. ಸವೆದ ನಾಣ್ಯದಲ್ಲಿ ಸಣ್ಣ ಅಂಕಿ, ಅಕ್ಷರಗಳ ಗುರುತು ಉಳಿದಿರುವುದು ಎಷ್ಟೋ ಸಲ ಆ ಹೊದಿಕೆಯಲ್ಲಿಯೇ. ಹುಣಸೆಯ ಹುಳಿ ಅದನ್ನು ಕರಗಿಸುತ್ತದೆ, ಬೂದಿ ಉಳಿದದ್ದನ್ನು ಉಜ್ಜಿಹಾಕುತ್ತದೆ. ನಾಗಮಂಗಲದಲ್ಲಿ ಕೆಲಸ ಮಾಡುತ್ತಿದ್ದಾಗ ಹಿತ್ತಾಳೆ, ಕಂಚಿನ ಕೆಲಸಗಾರರ ಮನೆಗಳಿಗೆ ಹೋಗಿಬರುವ ರೂಢಿಯಿತ್ತು. ಆ ಊರಿನ ಲೋಹದ ಕೆಲಸ ಹೆಸರಾದದ್ದು. ಅಲ್ಲಿನ ವಯೋವೃದ್ಧರೊಬ್ಬರು ನನ್ನ ಕಥೆ ಕೇಳಿ, "ಮೇಷ್ಟ್ರೇ, ಪಾತ್ರೆ ಬೆಳಗ್ಬೇಕು, ಹಳೇ ದುಡ್ಡು ಬೆಳಗ್ಬಾರದು. ಚರ್ಮ ಸುಲಿದಂಗೆ ಅದು" ಎಂದರು. ನನ್ನ ಬಿ.ಎಡ್. ಪಾಠಗಳಲ್ಲಿ ಇಲ್ಲದ ಮಾತು.

ಆ ದಿನ ನನ್ನ ಮನೆಯ ಜಗಲಿಯಲ್ಲಿ ಕುಳಿತು ಗುರುಶಿಷ್ಯರಿಬ್ಬರೂ ಭೂತಗನ್ನಡಿಯಲ್ಲಿ ನಾಣ್ಯವನ್ನು ಓದಿದೆವು. ಆನೆ ಸ್ಪಷ್ಟವಾಗಿದೆ. ಹಿಂಬದಿಯಲ್ಲಿ 'ಪಟನ್' ಎಂಬುದು ಮುಕ್ಕಾಲು ಭಾಗ ಉಳಿದಿದೆ. 'ಜೊಹರಾ' ಎಂಬುದನ್ನು ಗುರುತಿಸಬಹುದು. ಆದ್ದರಿಂದ ಇದು ಶ್ರೀರಂಗಪಟ್ಟಣದಲ್ಲಿ, ಗ್ರಹಗಳ ಹೆಸರುಗಳು ಬಂದ ಮೇಲೆ ಹೊಡೆದ ಪೈಸೆ. ಇಸವಿ ಇರಬೇಕಾದ ಜಾಗ ಮಾತ್ರ ನುಣ್ಣಗಿದೆ.

ತಾತನ ಮಾತನ್ನು ಪರೀಕ್ಷಿಸಲು ಬೇಕಾಗಿದ್ದದ್ದು ಆ ಇಸವಿಯೇ. ನೋಡಿ, ನಮ್ಮ ಸೀಮೆಯಲ್ಲಿ 'ಮರಾಠರ ಗಲಾಟೆ' ಎಂದರೆ ಒಂದಲ್ಲ. 1771ರ ಮಾರ್ಚಿಯಲ್ಲಿ ಈಗಿನ ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಬಳಿ ತ್ರಿಂಬಕರಾಯನ ಸೈನ್ಯವು ಹೈದರನನ್ನು ಸೋಲಿಸಿತು. ಈ ಪೈಸೆ ಆ ಯುದ್ಧದಲ್ಲಿ ಬಿದ್ದಿರಲು ಸಾಧ್ಯವೇ ಇಲ್ಲ, ಏಕೆಂದರೆ ಆಗ ಇಂಥ ಪೈಸೆಯೇ ಹುಟ್ಟಿರಲಿಲ್ಲ. ಆದರೆ 1791ರ ಮೇ ತಿಂಗಳಲ್ಲಿ ಮತ್ತೊಮ್ಮೆ ಮರಾಠರು ಬಂದರು. ಅರಕೆರೆಯ ಬಳಿ ಕಾದಾಡಿದ ಕಾರ್ನ್‌ವಾಲಿಸನು ಮಳೆ, ಹಸಿವು, ದನಗಳ ಸಾವಿನಿಂದ ಕಂಗೆಟ್ಟು, ತನ್ನ ಭಾರೀ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗುತ್ತಿದ್ದಾಗ ಮೇಲುಕೋಟೆಯ ಸಮೀಪದಲ್ಲಿ ಪರಶುರಾಮ ಭಾವೆ, ಹರಿಪಂತರ ಮರಾಠಾ ಸೈನ್ಯ ಅವನನ್ನು ಕೂಡಿಕೊಂಡಿತು. ಅವನ ಊರು ಮೇಲುಕೋಟೆಯಿಂದ ಬಹಳ ದೂರವಿಲ್ಲ. ನಾಣ್ಯದ ಇಸವಿ 1219ಕ್ಕೆ ಮೊದಲಿನದಾಗಿದ್ದರೆ ತಾತನ ಮಾತು ನಿಜವಿರಬಹುದಿತ್ತು. ಆಮೇಲಿನದಾಗಿದ್ದರೆ ಖಂಡಿತ ಸುಳ್ಳಾಗುತ್ತಿತ್ತು. ಒಂದು ಮನೆತನದ ಬಾಯಿಮಾತಿಗೆ ಸಾಕ್ಷಿ ಹೇಳಬಲ್ಲ ಒಂದೇ ಒಂದು ಗುರುತನ್ನು ಅವರ ಮಗನ ಮೇಷ್ಟ್ರಾದ ನಾನೇ ಹುಣಸೆಹಣ್ಣಿನಿಂದ ಅಳಿಸಿಹಾಕಿದ್ದೆ.

ಇದನ್ನು ಅವನಿಗೆ ಹೇಳಿದೆ. "ಹೋಗ್ಲಿ ಬುಡಿ ಸಾರ್, ಆವಾಗ ಯಾರಿಗೆ ಗೊತ್ತಿತ್ತು" ಎಂದು ಅವನು ನಕ್ಕನು. ಅವನ ಆ ನಗೆಯಿಂದ ನನಗೇನೂ ಸಮಾಧಾನವಾಗಲಿಲ್ಲ.

ಈಗ ಬೆಲೆಯ ಮಾತು. ಸಂಗ್ರಹಕಾರರು ನಾಣ್ಯದ ವಯಸ್ಸನ್ನು ನೋಡಿ ಬೆಲೆ ಕಟ್ಟುವುದಿಲ್ಲ. ಎಷ್ಟು ಉಳಿದಿವೆ, ಎಲ್ಲಿಯದು, ಯಾವ ಇಸವಿ, ಎಷ್ಟು ಸ್ಪಷ್ಟ ಎಂಬ ನಾಲ್ಕನ್ನು ನೋಡುತ್ತಾರೆ. ಪಟನ್ ಟಂಕಸಾಲೆ 1799ರವರೆಗೂ ನಡೆದದ್ದರಿಂದ ಅಲ್ಲಿಯ ಪೈಸೆಗಳು ಧಾರಾಳವಾಗಿ ಸಿಗುತ್ತವೆ. ಸವೆದ ಸಾಮಾನ್ಯ ಪೈಸೆಗೆ ಕೆಲವು ನೂರು ರೂಪಾಯಿ ಬಂದರೆ ಹೆಚ್ಚು. ಧಾರವಾಡ 1791ರಲ್ಲಿ ಮರಾಠರ ವಶವಾಯಿತು. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಬೇಕಾದಾಗ ದಿಂಡಿಗಲ್, ಮಲಬಾರುಗಳೂ ಕೈಬಿಟ್ಟವು. ಹೀಗೆ ಬೇಗ ನಿಂತುಹೋದ ಟಂಕಸಾಲೆಗಳ ನಾಣ್ಯಗಳನ್ನೂ ದೊಡ್ಡ ಎರಡು ಪೈಸೆಗಳನ್ನೂ ಸಂಗ್ರಹಕಾರರು ಹುಡುಕುತ್ತಾರೆ. ತಿಕ್ಕಿ ಬೆಳಗಿದ ನಾಣ್ಯವೆಂದರೆ ಯಾವ ಟಂಕಸಾಲೆಯದಾದರೂ ಮುಖ ತಿರುಗಿಸುತ್ತಾರೆ. ನನ್ನ ವಿದ್ಯಾರ್ಥಿಯ ನಾಣ್ಯಕ್ಕೆ ಆರು ಲಕ್ಷವಂತಿರಲಿ, ಅವನು ಕಟ್ಟಿ ಕಳೆದುಕೊಂಡ 2,500 ರೂಪಾಯಿ ಕೂಡ ಹುಟ್ಟುವಂತಿರಲಿಲ್ಲ. ಆ ಹಣದ ವಿಷಯದಲ್ಲಿ ಪೊಲೀಸರಿಗೆ ದೂರು ಕೊಡಿಸಿದ್ದೇವೆ. ಓಲೆ ಮಾತ್ರ ಅವನ ಹೆಂಡತಿಯ ಕಿವಿಯಲ್ಲಿಯೇ ಉಳಿಯಿತು.

ನಿಮ್ಮ ಮನೆಯಲ್ಲಿಯೂ ಅಜ್ಜಿಯ ಡಬ್ಬಿಯಲ್ಲೋ ದೇವರ ಗೂಡಿನಲ್ಲೋ ಆನೆದುಡ್ಡು ಇರಬಹುದು. ದಯವಿಟ್ಟು ತಿಕ್ಕಬೇಡಿ. ಹುಣಸೆಹಣ್ಣು, ನಿಂಬೆಹಣ್ಣು, ಪಾತ್ರೆಯ ಪುಡಿ ಯಾವುದೂ ಬೇಡ. ಒಣಗಿದ ಕಾಗದದಲ್ಲಿ ಸುತ್ತಿಡಿ. ಓರೆ ಬೆಳಕಿನಲ್ಲಿಟ್ಟು ಎರಡೂ ಬದಿಯ ಫೋಟೋ ತೆಗೆಯಿರಿ, ಓದಲಾಗದ ಅಂಕಿಯೂ ಕೆಲವು ಸಲ ಎದ್ದು ಕಾಣುತ್ತದೆ. ಯಾರಿಗೆ, ಯಾವ ಹೊಲದಲ್ಲಿ, ಯಾವಾಗ ಸಿಕ್ಕಿತು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಕುಡಿಕೆ, ಗಡಿಗೆಯಲ್ಲಿ ನಾಣ್ಯಗಳು ಸಿಕ್ಕರೆ ಅಧಿಕಾರಿಗಳಿಗೆ ತಿಳಿಸಬೇಕೆಂದು ನಿಧಿ ಕಾಯಿದೆ 1878ರಿಂದಲೂ ಹೇಳುತ್ತಿದೆ. ನೂರು ವರ್ಷ ದಾಟಿದ ನಾಣ್ಯಗಳನ್ನು ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸುವುದನ್ನು 1972ರ ಪುರಾತನ ವಸ್ತುಗಳ ಕಾಯಿದೆ ನಿಷೇಧಿಸಿದೆ. ಅಮೆರಿಕೆಯಲ್ಲಿರುವ ನಮ್ಮ ಮಕ್ಕಳು ನೆನಪಿಗೆಂದು ಚೀಲದಲ್ಲಿ ಹಾಕಿಕೊಂಡು ಹೋಗಬಾರದು.

ಹೊರಡುವ ಮುನ್ನ ನಾನು ಅವನನ್ನು ಕೇಳಿದೆ, "ತಾತನಿಗೆ ಸಿಕ್ಕಿದ್ದು ಯಾವ ಹೊಲದಲ್ಲಪ್ಪಾ?" 1985ರಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದು. ಆಗ ಕೇಳಿರಲಿಲ್ಲ. ಅವನು ಸ್ವಲ್ಪ ಯೋಚಿಸಿ, "ಕೆರೆ ಹಿಂದ್ಲ ಹೊಲ ಸಾರ್, ಮೇಲ್ಕೋಟೆ ಕಡೆ ಹೋಗೋ ಹಳೇ ಗಾಡಿದಾರಿ ಪಕ್ಕ" ಎಂದನು. ಅದನ್ನು ಒಂದು ಚೀಟಿಯಲ್ಲಿ ಬರೆದು, ಟಂಕಸಾಲೆಯ ಹೆಸರನ್ನೂ ತೂಕವನ್ನೂ ಸೇರಿಸಿ, ಕೊನೆಯಲ್ಲಿ 'ಇಸವಿ ಇದ್ದಿತು, 1985ರಲ್ಲಿ ತಿಕ್ಕಿದ್ದರಿಂದ ಹಾಳಾಗಿದೆ' ಎಂದು ಬರೆದು ನನ್ನ ರುಜು ಹಾಕಿದೆ. ಚೀಟಿಯಲ್ಲಿಯೇ ನಾಣ್ಯವನ್ನು ಸುತ್ತಿ ಅವನ ಕೈಗೆ ಕೊಟ್ಟೆ.

ಈಗ ಅದು ಅವನ ಮಗಳ ಬಳಿ ಇದೆಯಂತೆ. ಅವಳು ಫಾರಸಿ ಅಂಕಿಗಳನ್ನು ಕಲಿಯಬೇಕೆಂದು ನನಗೆ ಪತ್ರ ಬರೆದಿದ್ದಾಳೆ. ಬರುವ ಭಾನುವಾರ ಬರಹೇಳಿದ್ದೇನೆ.